ಕಡ್ಡಿ ಆಗ್ತೀನಾ?

ನನ್ನ ಎತ್ತರ 160 ಸೆಂಟಿಮೀಟರ್, ತೂಕ 92 ಕೆಜಿ, ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) ಸುಮಾರು 36. ತೂಕ ಇಳಿಸುವ ಸರ್ಜರಿಗೆ 40 ದಾಟಿರಬೇಕು ಅಂತ ಸುಮ್ನೆ ನಂಬಿಕೊಂಡಿದ್ದೆ. ಅದು 1991ರ ಲೆಕ್ಕ, ಆಗಲೂ ಶುಗರ್ ಗಿಗರ್ ಇದ್ದವರಿಗೆ 35 ಸಾಕಿತ್ತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಕಾಯಿಲೆ ಇರಲಿ ಬಿಡಲಿ 35 ಇದ್ದರೆ ಆಯಿತು, ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು.

ಅಮ್ಮನ ಚಿಂತೆಯೇ ಬೇರೆ. "ಹೊಟ್ಟೆ ಮುಕ್ಕಾಲು ಕತ್ತರಿಸಿದರೆ ಕಡ್ಡಿ ಆಗ್ತೀಯ" ಅಂತ ಮುದ್ದೆ ಬಡಿಸುತ್ತಲೇ ಬೈದಳು (ಮುದ್ದೆ ಮಾತ್ರ ಎಂದಿನ ಸೈಜಿನದೇ!). ನನಗೂ ಆ ಭಯ ಇತ್ತು. ಆದರೆ ಹೀಗೆ ಹೊಟ್ಟೆಯ ಮುಕ್ಕಾಲು ಭಾಗ ತೆಗೆಯುವ ಸ್ಲೀವ್ ಸರ್ಜರಿ ಆದವರಲ್ಲಿ ತೂಕ ಮೊದಲ ವರ್ಷ ಜೋರಾಗಿ ಇಳಿದು, ಒಂದೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ನಿಲ್ಲುತ್ತದೆ, ಆಮೇಲೆ ಸ್ವಲ್ಪ ವಾಪಸ್ ಬರುವುದೇ ಜಾಸ್ತಿ. ನಿಜವಾದ ತಲೆನೋವು ಪ್ರೊಟೀನ್, ಬಿ12, ಕಬ್ಬಿಣ ಕಡಿಮೆಯಾಗುವುದು. ವಿಟಮಿನ್ ಮಾತ್ರೆ ಜೀವನಪೂರ್ತಿ. ಕೂದಲೂ ಕೆಲವು ತಿಂಗಳು ಉದುರಬಹುದು, ಅದನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ.