ಹಳೇ ಹಾರ್ಡ್ ಡಿಸ್ಕ್ ಮಾರೂಕಿಂತ ಮೊದ್ಲ ಪೂರ್ತಿ ಅಳಿಸ್ರಿ

ಹುಬ್ಬಳ್ಳಿ ಕೊಪ್ಪಿಕರ್ ರೋಡಿನ್ಯಾಗ ಹಳೇ ಲ್ಯಾಪ್‌ಟಾಪ್ ಕೊಟ್ಟು ಹೊಸಾದು ತರಾಕ ಹೊಂಟೋರನ್ನ ಯಾರನ್ನ ಕೇಳಿದ್ರೂ ಒಂದ ಮಾತು, ಫಾರ್ಮ್ಯಾಟ್ ಹೊಡದೇನ್ರಿ, ಅದ್ರಾಗ ಏನೂ ಉಳದಿಲ್ಲ ಅಂತ. ಉಳದಿರ್ತೈತ್ರಿ. ಬಹಳ ಸಲ ಹೆಚ್ಚೂಕಡಿಮಿ ಎಲ್ಲಾನೂ ಉಳದಿರ್ತೈತಿ.

ನಮ್ಮ ಮಾಮಾಂದು ಗದಗದಾಗ ಫೋಟೋ ಸ್ಟುಡಿಯೋ. ಹಳೇ ಡಿಸ್ಕ್ ಒಂದಿಷ್ಟು ಸೆಕೆಂಡ್ ಹ್ಯಾಂಡಿಗೆ ಕೊಡೋರಿದ್ರು, ಎಲ್ಲಾ ಫಾರ್ಮ್ಯಾಟ್ ಮಾಡಿ ಇಟ್ಟಿದ್ರು. ತಡೀರಿ ಮಾಮಾ ಒಂದು ತೋರಸ್ತೇನಿ ಅಂತ ಒಂದು ಡಿಸ್ಕ್ ಹಚ್ಚಿ ಫೋಟೋರೆಕ್ ಓಡಿಸಿದೆ, ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಅದು, ಯಾರ ಬೇಕಾದ್ರೂ ಇಳಿಸ್ಕೋಬಹುದು. ಫೈಲಿನ ಹೆಸರು ಹೋಗಿದ್ವು, ಬರೇ ಎಫ್ ಅಕ್ಷರ ಅದರ ಮುಂದ ಉದ್ದನ್ನ ನಂಬರ್, ಆದ್ರ ತೆರದು ನೋಡಿದ್ರ ಯಾರದೋ ಮನಿ ಅರಿಶಿಣದ ಶಾಸ್ತ್ರ, ಯಾವುದೋ ಹುಡುಗಿಗೆ ಎಣ್ಣಿ ಹಚ್ಚಿ ನೀರು ಹಾಕೋ ಫೋಟೋ, ಸಾಲಾಗಿ ಬರಾಕ ಹತ್ತಿದ್ವು. ಮಾಮಾ ಕುರ್ಚಿ ಎಳಕೊಂಡು ಕುಂತ್ಬಿಟ್ರು. "ಇವು ಮಂದಿ ಮನಿ ಫೋಟೋ ಐತಪಾ, ನಮ್ಮನ್ನ ನಂಬಿ ತಗಿಸ್ಯಾರ" ಅಂದ್ರು. ನನಗೂ ಅದ ದೊಡ್ಡ ಮಾತು ಅನಸ್ತೈತಿ. ನಮ್ಮ ಡಿಸ್ಕಿನ್ಯಾಗ ನಮ್ಮದಷ್ಟ ಇರಂಗಿಲ್ಲ.

ಯಾಕ ಹಿಂಗ ಅಂದ್ರ, ವಿಂಡೋಸ್‌ನ್ಯಾಗ ಕ್ವಿಕ್ ಫಾರ್ಮ್ಯಾಟ್ ಅಂತ ಟಿಕ್ ಮೊದ್ಲ ಬಿದ್ದಿರ್ತೈತಿ, ಅದು ಯಾವ ಫೈಲ್ ಎಲ್ಲೈತಿ ಅನ್ನೋ ಪಟ್ಟಿ ಅಷ್ಟ ಹೊಸಾದು ಮಾಡ್ತೈತಿ. ಉತಾರದಾಗ ಹೆಸರು ಅಳಿಸಿದ್ರ ಹೊಲದಾಗಿನ ಜ್ವಾಳ ಎಲ್ಲಿ ಹೋಗ್ತೈತ್ರಿ, ಹಂಗ ಇದೂ. ಆ ಟಿಕ್ ತಗೀರಿ, ಆಗ ಫುಲ್ ಫಾರ್ಮ್ಯಾಟ್ ಆಗ್ತೈತಿ. ವಿಂಡೋಸ್ ವಿಸ್ಟಾ ಬಂದಾಗಿಂದ ಫುಲ್ ಫಾರ್ಮ್ಯಾಟ್ ಮಾಡಿದ್ರ ಹಳೇ ಡೇಟಾದ ಮ್ಯಾಲ ಡಿಸ್ಕ್ ತುಂಬ ಸೊನ್ನಿ ಬರೀತೈತಿ, ಎಕ್ಸ್‌ಪಿ ಕಾಲದಾಗ ಹಂಗಿರ್ಲಿಲ್ಲ, ಬರೇ ಕೆಟ್ಟ ಸೆಕ್ಟರ್ ಹುಡುಕ್ತಿತ್ತು. ವಿಂಡೋಸ್‌ನ್ಯಾಗ ಕಮಾಂಡ್ ಬರದು ಡಿಸ್ಕ್ ಕೆಲಸ ಮಾಡೋ ಡಿಸ್ಕ್‌ಪಾರ್ಟ್ ಗೊತ್ತಿದ್ದೋರು ಬರೇ ಕ್ಲೀನ್ ಅಲ್ಲ, ಕ್ಲೀನ್ ಆಲ್ ಅಂತ ಕೊಡಬೇಕು, ಆದ್ರ ಸೆಲೆಕ್ಟ್ ಮಾಡೋ ಮುಂಚೆ ಡಿಸ್ಕ್ ನಂಬರೂ ಸೈಜೂ ಎರಡೆರಡು ಸಲ ನೋಡ್ರಿ, ಅದು ಮತ್ತ ಕೇಳಂಗಿಲ್ಲ, ಸೀದಾ ಅಳಿಸ್ತೈತಿ. 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರದ್ರೂ 3 ತಾಸಿನ ಹತ್ರ ಹತ್ರ ಬೇಕು, ಹಳೇ ಯುಎಸ್‌ಬಿ 2 ಆದ್ರ ರಾತ್ರಿಯೆಲ್ಲಾ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದಂಗ ಮಾಡಿ ಮಲಗ್ರಿ.

35 ಸಲ ಅಳಿಸಬೇಕು ಅಂತ ಕೆಲವ್ರು ಹೇಳ್ತಾರ, ಅದು 1996ರಾಗ ಪೀಟರ್ ಗುಟ್‌ಮನ್ ಅನ್ನೋ ಕಂಪ್ಯೂಟರ್ ಸಂಶೋಧಕರು ಆಗಿನ ಡಿಸ್ಕಿನ ಲೆಕ್ಕದಾಗ ಬರದದ್ದು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಸೊನ್ನಿ ಬರದ್ರ ಸಾಕು.

ಎಸ್‌ಎಸ್‌ಡಿ, ಅಂದ್ರ ತಿರಗೋ ಭಾಗ ಇಲ್ಲದ ಚಿಪ್ಪಿನ ಡ್ರೈವ್, ಅದರ ಮಾತು ಬ್ಯಾರೆ. ಅದು ಎಲ್ಲಿ ಬರೀತೈತಿ ಅನ್ನೋದನ್ನ ತಾನ ಬದಲಾಯಿಸ್ಕೋತ ಹೋಗ್ತೈತಿ, ಕಾಣದ ಜಾಗಾನೂ ಇರ್ತೈತಿ, ಹಂಗಾಗಿ ಮ್ಯಾಲ ಬರದು ಅಳಿಸೂದು ನಂಬೂಹಂಗಿಲ್ಲ. ಕಂಪನಿಯೋರ ಟೂಲಿನ್ಯಾಗ, ಕೆಲವು ಲ್ಯಾಪ್‌ಟಾಪಿನ ಬಯಾಸ್‌ನ್ಯಾಗೂ (ವಿಂಡೋಸ್ ಚಾಲೂ ಆಗೋ ಮುಂಚಿನ ಸೆಟ್ಟಿಂಗ್), ಡ್ರೈವಿಗೇ ತನ್ನನ್ನ ಪೂರ್ತಿ ಅಳಿಸ್ಕೋ ಅಂತ ಹೇಳೋ ಸೆಕ್ಯೂರ್ ಇರೇಸ್ ಇರ್ತೈತಿ, ಅದನ್ನ ಬಳಸ್ರಿ. ಹೊಸಾ ಡ್ರೈವ್ ತಂದ ದಿನಾನ ಬಿಟ್‌ಲಾಕರ್, ಅಂದ್ರ ಡೇಟಾಕ್ಕ ಗುಪ್ತಲಿಪಿ ಬೀಗ ಹಾಕೋ ವಿಂಡೋಸ್ ಸೌಲಭ್ಯ, ಹಾಕಿಟ್ರಂತೂ ಮುಂದ ಚಿಂತಿನ ಕಡಿಮಿ.

ಅಳಿಸಿದ ಮ್ಯಾಲ ಡಿಸ್ಕ್ ನೀವ ಇಟ್ಕೊಳ್ಳೋದಾದ್ರ, ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್ ಅಂತ ಕೇಳೋ ಕಡೆ, ವಿಂಡೋಸ್ ಅಷ್ಟಕ್ಕಾದ್ರ ಎನ್‌ಟಿಎಫ್‌ಎಸ್, ಮ್ಯಾಕಿಗೂ ಹಚ್ಚೋದಿದ್ರ ಎಕ್ಸ್‌ಫ್ಯಾಟ್. ಫ್ಯಾಟ್32 ಬ್ಯಾಡ್ರಿ, 4 ಜಿಬಿ ದಾಟಿದ ಫೈಲ್ ಹಿಡಿಯಂಗಿಲ್ಲ, ಮದುವಿ ವಿಡಿಯೋ ಅಂತೂ ಕೂಡಂಗ ಇಲ್ಲ.

ಮಾಮಾನ ಡಿಸ್ಕಿನ್ಯಾಗ ಒಂದು ತಿರಗ್ತಿರ್ಲಿಲ್ಲ. ತಿರಗದ್ದನ್ನ ಸಾಫ್ಟ್‌ವೇರ್‌ಲೇ ಅಳಿಸಾಕ ಬರಂಗಿಲ್ಲ, ಗುಜರಿಗೆ ಹಾಕಿದ್ರ ಒಳಗಿನ ಡೇಟಾನೂ ಜೋಡೀನ ಹೋಗ್ತೈತಿ. ಅದನ್ನ ಬಿಚ್ಚಿ, ಒಳಗ ಡೇಟಾ ಇರೋ ದುಂಡನ್ನ ತಟ್ಟಿಗಳನ್ನ ಮುರದ್ವಿ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿನ್ಯಾಗ ಆ ತಟ್ಟಿ ಬಹಳಷ್ಟು ಗಾಜಿಂದಿರ್ತಾವು, ಅರಿವ್ಯಾಗ ಸುತ್ತಿ, ಕಣ್ಣಿಗೆ ಚಶ್ಮಾ ಹಾಕ್ಕೊಂಡ ಸುತ್ತಿಗಿ ಹಾಕ್ರಿ.