ಮಲೆನಾಡಿನ ಪಾದ, 100 ಮಿಮೀ ಬೂಟು: ಬಲಗಾಲು ಗೆದ್ದಿತು

ಬಲಗಾಲಿನ ಸ್ಕೀ ಬೂಟು ಸರಿಯಾಯಿತು! ಬಕಲ್ ಬಿಗಿದುಕೊಂಡು ಅರ್ಧ ಸಂಜೆ ಮನೆಯೊಳಗೆ ಓಡಾಡಿದೆ, ಮೊಣಕಾಲು ಮುಂದಕ್ಕೆ ಒತ್ತಿ ನಿಂತೆ, ಮೆಟ್ಟಿಲಿಗೆ ಅಡ್ಡಡ್ಡ ಹತ್ತಿದೆ. ಕಿರುಬೆರಳಿನ ಬುಡದಲ್ಲಿ ನೋವಿಲ್ಲ. ಮಳೆಗಾಲ ಪೂರ್ತಿ ತಲೆ ತಿಂದ ಕೆಲಸ ಇದು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಹಲಗೆಗಳ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಅಲ್ಲಿ ಅಂಥ ತಲೆನೋವು ಇರಲಿಲ್ಲ. ಡಿಸೆಂಬರ್ ಕೊನೆಗೆ ಗುಲ್ಮಾರ್ಗ್‌ಗೆ ಹೋಗಿ ಹೊಸಬರಿಗೆ ಕಲಿಸಬೇಕು, ಇನ್‌ಸ್ಟ್ರಕ್ಟರ್ ಆಗಿ ಇದು ಮೊದಲ ಸೀಸನ್. ತೆಗೆದುಕೊಂಡಿದ್ದು 168 ಸೆಂಮೀ ಉದ್ದದ್ದು, ನಡುವಿನ ಅಗಲ 78 ಮಿಮೀ, ತಿರುವಿನ ರೇಡಿಯಸ್ 15 ಮೀಟರ್ ಆಸುಪಾಸು. ಕಲಿಸುವವರ ಸ್ಕೀ ನಿಧಾನ ವೇಗದಲ್ಲೂ ಮಾತು ಕೇಳಬೇಕು, ಸ್ನೋಪ್ಲೌ (ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದೆ ಅಗಲಿಸಿ ವೇಗ ತಗ್ಗಿಸುವುದು) ತೋರಿಸುವಾಗ ಹಟ ಮಾಡಬಾರದು. ರೇಸ್ ಸ್ಕೀ ತೊಟ್ಟು ಸ್ನೋಪ್ಲೌ ತೋರಿಸುವುದು ಕಾಲಿಗೆ ಶಿಕ್ಷೆ. ಗೊಂಡೊಲಾದ (ಕೇಬಲ್ ಕಾರ್) ಎರಡನೇ ಹಂತ ಹತ್ತಿ ಅಫರ್ವಾತ್ ಬೆಟ್ಟದ ಕಡೆಗೆ ಹೋದರೆ ಅಲ್ಲಿನ ಸಡಿಲ ಹಿಮಕ್ಕೆ, ಅಂದರೆ ಪೌಡರ್‌ಗೆ 100 ಮಿಮೀ ದಾಟಿದ ನಡು ಬೇಕು ನಿಜ, ಆದರೆ ಅದು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಬಾಡಿಗೆ ಬೂಟಿನಲ್ಲಿ ಮಾತ್ರ ಇಡೀ ಸೀಸನ್ ದುಡಿಯಲು ಆಗುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಯಾರೇ ಕೇಳಲಿ, ನಾನು ಹೇಳುವುದು ಇಷ್ಟೇ: ದುಡ್ಡು ಮೊದಲು ಬೂಟಿಗೆ ಹಾಕಿ, ಉಳಿದದ್ದು ಸ್ಕೀಗೆ.

ಈಗ ಪಾದದ ಕಥೆ. ನನ್ನದು ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಬೆಳೆದ ಪಾದ. ಬೆರಳುಗಳು ಬೀಸಣಿಗೆ ಹಾಗೆ ಹರಡಿವೆ, ಹಿಮ್ಮಡಿ ಮಾತ್ರ ಸಪೂರ. ಭಾರ ಹಾಕಿ ನಿಂತಾಗ ಉದ್ದ 264 ಮಿಮೀ, ಮುಂಗಾಲಿನ ಅಗಲ 106. ಸ್ಕೀ ಬೂಟಿನ ಸೈಜು ಪಾದದ ಉದ್ದದ ಸೆಂಮೀ ಲೆಕ್ಕ, ಹಾಗಾಗಿ ನನ್ನದು 26.5, ಅದರಲ್ಲಿ ಅನುಮಾನವಿಲ್ಲ. ಒಳಗಿನ ಮೆತ್ತನೆಯ ಲೈನರ್ ತೆಗೆದು, ಹೊರಗಿನ ಗಟ್ಟಿ ಪ್ಲಾಸ್ಟಿಕ್ ಕವಚವಾದ ಬರೀ ಶೆಲ್‌ನಲ್ಲಿ ಬೆರಳು ಮುಂದಕ್ಕೆ ತಾಗಿಸಿ ನೋಡಿದರೆ ಹಿಂದೆ ಸುಮಾರು 15 ಮಿಮೀ ಜಾಗ, ಅದೂ ಸರಿಯೇ. ತಕರಾರು ಇರುವುದು ಅಗಲದಲ್ಲಿ. 102ರ ಲಾಸ್ಟ್ (ಮುಂಗಾಲಿನ ಹತ್ತಿರ ಬೂಟಿನ ಒಳ ಅಗಲ, ಮಿಮೀಯಲ್ಲಿ) ಹಾಕಿದರೆ ಮುಂಗಾಲು ಆರಾಮ, ಆದರೆ ಹಿಮ್ಮಡಿ ಎದ್ದೆದ್ದು ಕೂರುತ್ತದೆ. ಹಿಮ್ಮಡಿ ಅಲುಗಾಡುವ ಬೂಟಿನಲ್ಲಿ ಸ್ಕೀಯ ಅಂಚನ್ನು ಹಿಮಕ್ಕೆ ಕಚ್ಚಿಸಲು ಆಗಲ್ಲ, ಬಕಲ್ ಬಿಗಿದಷ್ಟೂ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. 100ರ ಲಾಸ್ಟ್‌ನಲ್ಲಿ ಹಿಮ್ಮಡಿ ಗಟ್ಟಿಯಾಗಿ ಕೂತಿತು, ಆದರೆ ಕಿರುಬೆರಳಿನ ಬುಡದ ಗೆಣ್ಣು ಗೋಡೆಗೆ ಒತ್ತಿ ಉರಿ. ಶೆಲ್‌ನ ಆ ಒಂದು ಜಾಗ ಉಬ್ಬಿಸಬಹುದು, ಆದರೆ ಸಡಿಲ ಹಿಮ್ಮಡಿಯನ್ನು ಬಿಗಿ ಮಾಡುವುದು ಬಲು ಕಷ್ಟ. ಹಾಗಾಗಿ 100ರದ್ದನ್ನೇ ಉಳಿಸಿಕೊಂಡೆ. ಫ್ಲೆಕ್ಸ್, ಅಂದರೆ ಬೂಟಿನ ಬಿರುಸಿನ ಅಂಕ, 110. ಅದಕ್ಕಿಂತ ಗಟ್ಟಿ ಬೇಡ, ಯಾಕೆಂದರೆ ಚಳಿಯಲ್ಲಿ ಶೆಲ್‌ನ ಪಾಲಿಯುರಿಥೇನ್ ಪ್ಲಾಸ್ಟಿಕ್ ಇನ್ನೂ ಬಿರುಸಾಗುತ್ತದೆ.

ಕಿರುಬೆರಳಿನ ಕಡೆಯ ನೋವನ್ನು ಇನ್‌ಸ್ಟ್ರಕ್ಟರ್ ಆದವರು ಯಾಕೆ ಸಹಿಸಿಕೊಳ್ಳಬಾರದು ಅಂತ ಹೇಳಬೇಕು. ಸುಮ್ನೆ ಮಜಾಕ್ಕೆ ಸ್ಕೀ ಮಾಡುವವರು ಲಿಫ್ಟ್ ಹತ್ತಿ ಇಳಿಯುತ್ತಾರೆ. ಹೊಸಬರ ಜೊತೆ ಇರುವವರು ದಿನವಿಡೀ ಅಡ್ಡಡ್ಡ ಹೆಜ್ಜೆ ಹಾಕಿ ಇಳಿಜಾರು ಹತ್ತುತ್ತಿರುತ್ತಾರೆ, ಬಿದ್ದವರ ಹತ್ತಿರ ಹೋಗುತ್ತಾರೆ, ಮತ್ತೆ ಹತ್ತುತ್ತಾರೆ. ಹಾಗೆ ಹತ್ತುವಾಗ ಮೇಲಿನ ಕಾಲು ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಅಂದರೆ ಭಾರ ನೇರ ಆ ಗೆಣ್ಣಿನ ಮೇಲೇ. ಮಧ್ಯಾಹ್ನದ ಹೊತ್ತಿಗೆ ಕಾಲು ಉರಿಯುತ್ತಿದ್ದರೆ ಎದುರಿಗಿರುವ ಕಲಿಯುವವರ ಮೇಲೆ ಗಮನ ಇರಲ್ಲ, ಅಲ್ವಾ? ಅವರ ಸುರಕ್ಷತೆ ನಮ್ಮ ಕೈಯಲ್ಲಿರುತ್ತದೆ.

ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಬೂಟು ಬಂದದ್ದು ಉತ್ತರದ ಒಂದು ಅಂಗಡಿಯಿಂದ, ಕೊರಿಯರ್‌ನಲ್ಲಿ. ಲಾಸ್ಟ್ ಎಷ್ಟು ಅಂತ ಕೇಳಿದರೆ ಡಬ್ಬದ ಫೋಟೋ ಬಂತು. ಅಟ್ಟೆಯ ಉದ್ದ ಎಷ್ಟು ಅಂತ ಕೇಳಿದರೆ ಅದೇ ಡಬ್ಬದ ಇನ್ನೊಂದು ಬದಿಯ ಫೋಟೋ. ಆಮೇಲೆ ಫೋನ್ ಮಾಡಿ "26 ತಗೊಳ್ಳಿ, ಟೈಟ್ ಇರುತ್ತೆ" ಅಂದರು. 26ಕ್ಕೂ 26.5ಕ್ಕೂ ಶೆಲ್ ಒಂದೇ ಅಂತ ಬೂಟು ಮಾರುವವರಿಗೆ ನಾವು ಹೇಳಿಕೊಡಬೇಕಾ? ಹಿಮ್ಮಡಿಯ ಹತ್ತಿರ ಶೆಲ್ ಮೇಲೇ ಅಟ್ಟೆಯ ಉದ್ದ 306 ಮಿಮೀ ಅಂತ ಅಚ್ಚಾಗಿತ್ತು, ಒಮ್ಮೆ ಬೂಟು ತಿರುಗಿಸಿ ನೋಡಿದ್ದರೆ ಸಾಕಿತ್ತು.

ಸರಿ, ಕೆಲಸಕ್ಕೆ ಬರೋಣ. ಶೆಲ್ ಉಬ್ಬಿಸುವ ಮೊದಲು ಫುಟ್‌ಬೆಡ್ (ಪಾದದ ಕೆಳಗೆ ಬೂಟಿನೊಳಗೆ ಇಡುವ, ಕಮಾನಿಗೆ ಆಸರೆ ಕೊಡುವ ಒಳ ಅಟ್ಟೆ) ಮಾಡಬೇಕು, ಈ ಕ್ರಮ ತಪ್ಪಬಾರದು. ಕುಳಿತು ಅಳೆದರೆ ನನ್ನ ಪಾದ 259, ನಿಂತರೆ 264. ಭಾರ ಬಿದ್ದಾಗ ಕಮಾನು ಕುಸಿಯುತ್ತದೆ, ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಆ ಕುಸಿತ ತಡೆಯದೆ ಶೆಲ್ ಉಬ್ಬಿಸಿದರೆ ನಾವು ತಪ್ಪು ಜಾಗ ಹಿಗ್ಗಿಸಿದಂತೆ. ಕಮಾನಿನ ಆಕಾರ ತೆಗೆಯಲು ನಮ್ಮ ತೋಟದಲ್ಲೇ ಸಾಮಾನು ಇತ್ತು. ಅಡಿಕೆ ಹಾಳೆ! ರಾತ್ರಿ ನೀರಲ್ಲಿ ನೆನೆಹಾಕಿದ ಹಾಳೆ ಹೇಳಿದಂತೆ ಬಗ್ಗುತ್ತದೆ, ಒಣಗಿದ ಮೇಲೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ಹಾಳೆಟೊಪ್ಪಿ ಮಾಡುವವರಿಗೆ ಇದೇನೂ ಹೊಸದಲ್ಲ. ಕುಳಿತುಕೊಂಡು, ಪಾದಕ್ಕೆ ಭಾರ ಹಾಕದೆ, ಅಡಿಯಿಂದ ಹಾಳೆ ಕಟ್ಟಿ ಒಣಗಲು ಬಿಟ್ಟೆ. ಆ ಅಚ್ಚು ನೋಡಿಕೊಂಡು, ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಗಟ್ಟಿ ಇವಿಎ ಫೋಮ್ ಶೀಟನ್ನು ಪದರ ಪದರ ಅಂಟಿಸಿ ಉಜ್ಜಿದೆ. ಬರೀ ಇದರಿಂದಲೇ ನೋವು ಅರ್ಧ ಇಳಿಯಿತು.

ಉಳಿದ ಅರ್ಧಕ್ಕೆ ಶೆಲ್ ಉಬ್ಬಿಸಲೇಬೇಕಿತ್ತು. ಗೆಣ್ಣು ಎಲ್ಲಿ ತಾಗುತ್ತದೆ ಅಂತ ಗುರುತು ಮಾಡಲು ಎಲ್ಲರೂ ಲಿಪ್‌ಸ್ಟಿಕ್ ಹಚ್ಚುತ್ತಾರೆ, ನಾನು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಫುಟ್‌ಬೆಡ್ ಒಳಗಿಟ್ಟು, ಲೈನರ್ ಇಲ್ಲದೆ ಕಾಲು ಹಾಕಿ ನಿಂತು ತೆಗೆದರೆ ಒಳಗೋಡೆಯಲ್ಲಿ ಕೆಂಪು ಬೊಟ್ಟು. ಅದರ ನೇರಕ್ಕೆ ಹೊರಗಡೆ ಪೆನ್ಸಿಲ್ ಗುರುತು.

ಶೆಲ್ ಉಬ್ಬಿಸುವ ಬೂಟ್ ಪ್ರೆಸ್ ನಮ್ಮ ಕಡೆ ಎಲ್ಲಿ ಸಿಗಬೇಕು? ಮಾಮೂಲಿ ಸಿ-ಕ್ಲಾಂಪ್ ಬೂಟಿನ ಬಾಯಿಂದ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ತೀರ್ಥಹಳ್ಳಿಯ ವೆಲ್ಡಿಂಗ್ ಶಾಪ್‌ಗೆ ಬೂಟು ಹಿಡಿದುಕೊಂಡು ಹೋದೆ. "ಇದೆಂಥದ್ದು ಮಾರಾಯ್ರೆ, ಚಂದ್ರನ ಮೇಲೆ ಹೋಗ್ತೀರಾ?" ಅಂದರು, ಆದರೆ ಕೆಲಸ ಕೇಳಿದ ಮೇಲೆ ಅವರಿಗೇ ಉತ್ಸಾಹ ಬಂತು. ಉದ್ದ ಕೈಯ ಕ್ಲಾಂಪ್ ಮಾಡಿಕೊಟ್ಟರು. ಒಳಗಿಂದ ಒತ್ತಲು ಹಲಸಿನ ಮರದ ಗುಂಡು, ಅದನ್ನು ಸಾಗರದಲ್ಲಿ ಕಡೆಸಿದ್ದು. ಹೊರಗಿಂದ ಆನಿಸಲು ಹಳೇ ಜೀಪಿನ ಬೇರಿಂಗ್‌ನ ಹೊರ ಬಳೆ. ಗುಂಡು ಒತ್ತಿದಾಗ ಪ್ಲಾಸ್ಟಿಕ್ ಆ ಬಳೆಯೊಳಗೆ ಮಾತ್ರ ಉಬ್ಬುತ್ತದೆ, ಸುತ್ತಲಿನ ಜಾಗ ಅಲುಗಾಡಲ್ಲ.

ಅಸಲಿ ಹಟ ಶುರುವಾದದ್ದು ಇಲ್ಲಿಂದ. ಬಿಸಿ ಮಾಡಿ ಒತ್ತಿದ್ದು ಚೆನ್ನಾಗಿಯೇ ಉಬ್ಬುತ್ತಿತ್ತು, ಬೆಳಿಗ್ಗೆ ಕ್ಲಾಂಪ್ ಬಿಚ್ಚಿದರೆ ಸಂಜೆಯೊಳಗೆ ಶೆಲ್ ಮೆಲ್ಲಗೆ ಹಳೇ ಆಕಾರಕ್ಕೆ ವಾಪಸ್. ಪಾಲಿಯುರಿಥೇನ್‌ಗೆ ನೆನಪಿನ ಶಕ್ತಿ ಬಹಳ. ಹೊರಮೈ ಬಿಸಿಯಾದರೆ ಸಾಲದು, ಗೋಡೆಯ ಪೂರ್ತಿ ದಪ್ಪ ಮೆತ್ತಗಾಗಬೇಕು. ಹಾಗಂತ ಹೀಟ್ ಗನ್ ಹತ್ತಿರ ಹಿಡಿದರೆ ಮೇಲ್ಮೈ ಮಿನುಗಲು ಶುರುವಾಗುತ್ತದೆ, ಇನ್ನೂ ಬಿಟ್ಟರೆ ಗುಳ್ಳೆ ಏಳುತ್ತದೆ. ದಾರಿ ಇರುವುದು ನಿಧಾನದಲ್ಲಿ. ಗನ್ ಅರ್ಧ ಗೇಣು ದೂರ, ಒಂದು ಕ್ಷಣವೂ ಒಂದೇ ಕಡೆ ನಿಲ್ಲಿಸದೆ ಸುತ್ತಿಸುತ್ತಾ ಇರಬೇಕು, ಸುತ್ತಲಿನ ಜಾಗಕ್ಕೆ ಒದ್ದೆ ಬಟ್ಟೆ, ಒಳಗಿನಿಂದ ಬೆರಳಿಟ್ಟು ನೋಡಿದರೆ ಬಿಸಿ ಅಲ್ಲಿಗೂ ಮುಟ್ಟಿದ್ದು ಗೊತ್ತಾಗಬೇಕು. ಆಮೇಲೆ ಒತ್ತುವುದು, ಅದೂ ಬೇಕಿರುವುದಕ್ಕಿಂತ ಜಾಸ್ತಿ. ನನಗೆ ಬೇಕಿದ್ದದ್ದು 6 ಮಿಮೀ, ಒತ್ತಿದ್ದು 9. ಕ್ಲಾಂಪ್ ಹಾಗೇ ಇಟ್ಟು ಮರುದಿನದವರೆಗೆ ಮುಟ್ಟಲಿಲ್ಲ. ಬಿಚ್ಚಿದ ಮೇಲೆ ಸ್ವಲ್ಪ ಹಿಂದೆ ಸರಿದು 6ರ ಹತ್ತಿರ ನಿಂತಿತು, ಆಮೇಲೆ ಕದಲಿಲ್ಲ. ವಾರ ಬಿಟ್ಟು ಅಳೆದರೂ ಅಷ್ಟೇ ಇದೆ!

ಇದನ್ನು ಮನೆಯಲ್ಲಿ ಮಾಡುವವರು ಒಂದು ವಿಷಯದಲ್ಲಿ ಹುಷಾರಾಗಿರಿ. ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡಿಸುವ ಹಿಡಿಕೆ) ಕಚ್ಚುವ ಮುಂದಿನ ತುದಿ, ಹಿಂದಿನ ತುದಿ, ಅಟ್ಟೆ, ಇವುಗಳ ಹತ್ತಿರ ಬಿಸಿ ಹೋಗಲೇಬಾರದು. ಅಲ್ಲಿ ಆಕಾರ ಚೂರು ಬದಲಾದರೂ ಬಿದ್ದಾಗ ಬೂಟು ಬಿಟ್ಟುಕೊಳ್ಳದೇ ಇರಬಹುದು, ಆಗ ಹೋಗುವುದು ಮೊಣಕಾಲು.

ಮುಂದಿನ ಪ್ರಾಜೆಕ್ಟ್ ಆಗಲೇ ತಲೆಯಲ್ಲಿ ಓಡುತ್ತಿದೆ, ಲೈನರ್ ಒಣಗಿಸುವ ಪೆಟ್ಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚರ್ಮದ ಚಪ್ಪಲಿಗೇ ಬೂಸ್ಟು ಬರುತ್ತದೆ, ಲೈನರ್ ಬಿಡುತ್ತದಾ? ಅಡಿಕೆ ಒಣಗಿಸುವ ಡ್ರೈಯರ್‌ನಲ್ಲಿ ಇಡಬಹುದಲ್ಲ ಅಂತ ಅಮ್ಮ ಹೇಳಿದರು, ಆದರೆ ಶಾಖ ಜಾಸ್ತಿಯಾದರೆ, ಬಿಸಿಯಿಂದ ಆಕಾರ ಕೊಡುವ ಥರ್ಮೋ ಲೈನರ್‌ನ ಆಕಾರವೇ ಬದಲಾಗುತ್ತದೆ. ಹಾಗಾಗಿ ಪ್ಲೈವುಡ್ ಪೆಟ್ಟಿಗೆ, ಹಳೇ ಕಂಪ್ಯೂಟರಿನ ಫ್ಯಾನು, ಒಂದು ಸಣ್ಣ ಬಲ್ಬು, ಎರಡು ಪಿವಿಸಿ ಪೈಪು. ಬೂಟಿನೊಳಗೆ ಬೆಚ್ಚಗಿನ ಗಾಳಿ ಆಡಿದರೆ ಸಾಕು. ಸ್ಕೀ ಅಂಚಿಗೆ ತುಕ್ಕು ಹಿಡಿಯದಂತೆ ತಳದ ಜೊತೆ ಅಂಚಿಗೂ ದಪ್ಪಗೆ ವ್ಯಾಕ್ಸ್ ಬಳಿದು, ಕೆರೆಯದೆ ಹಾಗೇ ಬಿಟ್ಟಿದ್ದೇನೆ, ಹೊರಡುವ ಮುಂಚೆ ಕೆರೆದರಾಯಿತು.

ಸದ್ಯಕ್ಕೆ ಎಡಗಾಲು ಬಾಕಿ. ಅಲ್ಲಿ ಗೆಣ್ಣಿನ ಜೊತೆ ಒಳಪಾದದ ಮೂಳೆಯೂ ಸ್ವಲ್ಪ ತಾಗುತ್ತಿದೆ, ಗುಂಡು ಇನ್ನೂ ಚಪ್ಪಟೆ ಇರಬೇಕು, ಸಾಗರಕ್ಕೆ ಮತ್ತೆ ಹೋಗಬೇಕು. ಅದಾದ ಮೇಲೆ ಬೈಂಡಿಂಗ್ ಅನ್ನು 306ಕ್ಕೆ ಕೂರಿಸಿ, ಫಾರ್ವರ್ಡ್ ಪ್ರೆಶರ್ (ಬೂಟನ್ನು ಹಿಂದಿನಿಂದ ಮುಂದಕ್ಕೆ ಒತ್ತಿ ಹಿಡಿಯುವ ಬಲ) ನೋಡಿ, ಡಿನ್ (ಎಷ್ಟು ಬಲಕ್ಕೆ ಬೂಟು ಬಿಡಬೇಕು ಅನ್ನುವ ಅಂಕ) ಹಾಕುವುದು. ಕೈಯಲ್ಲಿ ತಿರುಚಿ ನೋಡಿ ಸರಿ ಇದೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಬೈಂಡಿಂಗ್ ರಿಲೀಸ್ ಟೆಸ್ಟ್ ಮಾಡುವ ಮೆಷಿನ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, ನವೆಂಬರ್‌ನಲ್ಲಿ ಬೂಟು, ಸ್ಕೀ ಎರಡನ್ನೂ ತರುತ್ತೇನೆ.