ಅಜ್ಜಿಯ ಮನೆಯಲ್ಲಿ ಉರಿದ ದೀಪ

ಗೋಕರ್ಣದ ದಕ್ಷಿಣಕ್ಕೆ, ಕುಡ್ಲೆ ಮತ್ತು ಓಂ ಕಡಲತೀರಗಳನ್ನು ಬೇರ್ಪಡಿಸುವ ಗುಡ್ಡಗಳು ನೇರವಾಗಿ ಸಮುದ್ರಕ್ಕೇ ಇಳಿಯುತ್ತವೆ. ನಾನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿರುವ ವಿದ್ಯುತ್ ಫೀಡರಿನ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ 11,000 ವೋಲ್ಟಿನ ತಂತಿ ಮಾರ್ಗ) ಕೊನೆಯ ಕವಲು ಆ ಸೀಮೆಯ ಒಂದು ಗುಡ್ಡವನ್ನು ಹತ್ತಿ, ಆಚೆ ಬದಿಯ ಇಳಿಜಾರಿನಲ್ಲಿ ಒಂಬತ್ತು ಮನೆಗಳ ಕೇರಿಯೊಂದರ 25 ಕೆ.ವಿ.ಎ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬಳಿ ಮುಗಿಯುತ್ತದೆ. ಜೀಪು ಬುಡದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದೆ ಚಿರೇಕಲ್ಲಿನ ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. ಏಣಿ, ಹಗ್ಗ, ಬೆಲ್ಟು, ತಂತಿಯನ್ನು ಮುಟ್ಟುವ ಮೊದಲು ಅದರಲ್ಲಿರುವ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಡಿಸ್ಚಾರ್ಜ್ ರಾಡ್, ಎಲ್ಲವನ್ನೂ ಹೆಗಲ ಮೇಲೆಯೇ ಒಯ್ಯಬೇಕು.

2025ರ ಜೂನ್ ತಿಂಗಳ ಎರಡನೆಯ ವಾರದ ಒಂದು ಸಂಜೆ ಆ ಕವಲು ಹೋಯಿತು. ಬೇಸಿಗೆಯುದ್ದಕ್ಕೂ ಪಿನ್ ಇನ್ಸುಲೇಟರುಗಳ ಮೇಲೆ ಕೂತ ಉಪ್ಪು ಮೊದಲ ಮಳೆಗೆ ಒದ್ದೆಯಾದಾಗ ನಮ್ಮಲ್ಲಿ ಟ್ರಿಪ್ಪಿಂಗ್ ಸಾಮಾನ್ಯ. ಅಂದು ಮಾತ್ರ ಗಾಳಿಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದು, ಟಿ.ಸಿ.ಗಿಂತ ಎರಡು ಕಂಬ ಹಿಂದೆ ಜಂಪ್ (ಕಂಬದ ಎರಡು ಬದಿಯ ತಂತಿಗಳನ್ನು ಜೋಡಿಸುವ ತುಂಡು ತಂತಿ) ಕಿತ್ತುಹೋಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ಗಂಡಸರೆಲ್ಲ ಮನೆಯಲ್ಲಿಯೇ ಇರುವ ಕಾಲವದು. ಅವರು ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾರೆ, ಕತ್ತಲಾದ ಕೂಡಲೇ ನನಗೆ ಫೋನ್ ಮಾಡುತ್ತಾರೆ. ಅವರ ಕರೆಗಳ ಬಗ್ಗೆ ನನಗೆ ಬೇಸರವಿಲ್ಲ. ಬಾವಿಯಿಂದ ನೀರೆತ್ತುವ ಪಂಪು ನಿಂತರೆ ಆ ಎತ್ತರದಲ್ಲಿ ಕೊಡ ಹೊರಬೇಕಾದವರು ಹೆಂಗಸರು. ಬೇಸರವಿರುವುದು ಮೇಲಿನ ಕಚೇರಿಯ ಕರೆಗಳ ಬಗ್ಗೆ. ಇನ್ನೆಷ್ಟು ನಿಮಿಷ ಎಂದು ಕೇಳುವವರಲ್ಲಿ ಒಬ್ಬರೂ ಆ ಮೆಟ್ಟಿಲುಗಳನ್ನು ಹತ್ತಿದವರಲ್ಲ.

ನನ್ನ ಜೊತೆ ಇದ್ದವನು ತದಡಿ ಕಡೆಯ ಮೀನುಗಾರರ ಮನೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಕಿರಿಯ ಪವರ್‌ಮ್ಯಾನ್. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಪಡೆದೆ, ನಂಬರನ್ನು ಪುಸ್ತಕದಲ್ಲಿ ಬರೆದೆ, ಗುಡ್ಡದ ಬುಡದ ಜಿ.ಓ.ಎಸ್. (ಮೂರೂ ತಂತಿಗಳ ಸಂಪರ್ಕವನ್ನು ಒಟ್ಟಿಗೆ ಕಡಿಯುವ ಸ್ವಿಚ್) ತೆರೆದು ಮೂರೂ ಬ್ಲೇಡುಗಳು ಬಿಟ್ಟಿರುವುದನ್ನು ಟಾರ್ಚ್ ಹಾಕಿ ನೋಡಿದೆ, ಬೀಗ ಹಾಕಿದೆ. ಅಲ್ಲಿಯವರೆಗೆ ಎಲ್ಲವೂ ಕ್ರಮವಾಗಿಯೇ ಇತ್ತು. ಅನಂತರ ಹುಡುಗ ಡಿಸ್ಚಾರ್ಜ್ ರಾಡನ್ನು ಹೆಗಲಿಗೇರಿಸಲು ಹೋದಾಗ ನಾನು, “ಅದು ಇರಲಿ ಮಾರಾಯ, ಏಣಿ ಹಿಡಿ” ಎಂದೆ.

ಆ ಮಾತನ್ನು ನಾನು ಯಾಕೆ ಆಡಿದೆ ಎಂಬುದನ್ನು ಬಹಳ ಸಲ ಯೋಚಿಸಿದ್ದೇನೆ. ಸೋಮಾರಿತನವಲ್ಲ, ಆತುರವೂ ಪೂರ್ತಿ ಅಲ್ಲ. ಆ ಕವಲಿಗೆ ಬೇರೆ ಕಡೆಯಿಂದ ವಿದ್ಯುತ್ ಬರುವ ದಾರಿಯೇ ಇಲ್ಲ, ಮುಂದಿರುವುದು ಒಂದೇ ಟಿ.ಸಿ., ಅದರಾಚೆ ಸಮುದ್ರ ಎಂಬ ನಂಬಿಕೆ ನನ್ನದಾಗಿತ್ತು. ಒಂಬತ್ತು ಮನೆಗಳಲ್ಲಿ ಯಾರ ಮನೆಯ ಮೀಟರ್ ಎಲ್ಲಿದೆ, ಯಾರ ಮನೆಯ ಸರ್ವಿಸ್ ವೈರ್ ಎಷ್ಟು ಹಳೆಯದು ಎಂಬುದು ನನಗೆ ಕಣ್ಣುಮುಚ್ಚಿದರೂ ಗೊತ್ತಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದ ನಂತರ ನಾನು ಎಲ್ಲಕ್ಕಿಂತ ಮೊದಲು ಕಂಬದ ಬುಡದ ಮಣ್ಣು ನೋಡುತ್ತೇನೆ, ಮೇಲಿನ ಇಳಿಜಾರಿನಲ್ಲಿ ಬಿರುಕು ಹುಡುಕುತ್ತೇನೆ. ಅಂದೂ ಅದನ್ನೇ ಮಾಡಿದೆ. ಅಪಾಯ ಗುಡ್ಡದ ಕಡೆಯಿಂದಲೇ ಬರುತ್ತದೆ ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ಹುಡುಗ ಬೆಲ್ಟ್ ಕಟ್ಟಿಕೊಂಡು ಕಂಬ ಹತ್ತತೊಡಗಿದ. ನಾನು ಕೆಳಗೆ ಹಗ್ಗ ಹಿಡಿದು ನಿಂತಿದ್ದೆ. ಮಳೆ ಜೋರಾಗಿತ್ತು, ಕೆಳಗಿನ ಬಂಡೆಗಳಿಗೆ ಅಲೆ ಬಡಿಯುವ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಅಡಿಕೆ ಮರಗಳ ನಡುವೆ ಕೆಳಗೆ ಹೋಂಸ್ಟೇಯೊಂದರ ಬೆಳಕು ಕಾಣುತ್ತಿತ್ತು. ಇನ್ವರ್ಟರ್ ಇರಬಹುದೆಂದುಕೊಂಡು ಕಣ್ಣು ಮುಂದಕ್ಕೆ ಸರಿಸಿದೆ. ಅದರ ಪಕ್ಕದಲ್ಲಿ, ಹಾಲಕ್ಕಿ ಸಮುದಾಯದ ಅಜ್ಜಿಯ ಮನೆಯ ಜಗಲಿಯಲ್ಲಿಯೂ ಒಂದು ಬಲ್ಬು ಮಂಕಾಗಿ ಉರಿಯುತ್ತಿತ್ತು.

ಅಜ್ಜಿಯ ಮನೆಯಲ್ಲಿ ಇನ್ವರ್ಟರ್ ಇಲ್ಲ. ಬೆಳಗಿನ ಜಾವ ತರಕಾರಿ ಬುಟ್ಟಿ ಹೊತ್ತು ಗೋಕರ್ಣದ ಪೇಟೆಗೆ ನಡೆಯುವ ಅವರ ಮನೆಯಲ್ಲಿ ಇರುವುದು ಎರಡು ದೀಪ, ಒಂದು ಫ್ಯಾನು. ಅಲ್ಲಿ ಬಲ್ಬು ಉರಿಯಬೇಕಾದರೆ ಎಲ್.ಟಿ. ತಂತಿಯಲ್ಲಿ (ಟಿ.ಸಿ.ಯಿಂದ ಮನೆಗಳಿಗೆ ಹೋಗುವ ಕಡಿಮೆ ವೋಲ್ಟಿನ ತಂತಿ) ವಿದ್ಯುತ್ ಇರಬೇಕು. ಎಲ್.ಟಿ.ಯಲ್ಲಿ ಇದ್ದರೆ ಅದು ಟಿ.ಸಿ.ಯನ್ನು ತಲುಪುತ್ತದೆ. ಟಿ.ಸಿ.ಗೆ ಯಾವ ದಿಕ್ಕಿನಿಂದ ಕೊಟ್ಟರೂ ಒಂದೇ. 11,000 ವೋಲ್ಟನ್ನು ಮನೆಬಳಕೆಗೆ ಇಳಿಸುವ ಅದೇ ಯಂತ್ರ, ಮನೆಯಿಂದ ಬಂದ 230 ವೋಲ್ಟನ್ನು ಮತ್ತೆ ಸಾವಿರಗಟ್ಟಲೆಗೆ ಏರಿಸಿ ಮೇಲಿನ ತಂತಿಗೆ ಕಳುಹಿಸುತ್ತದೆ. ಇದನ್ನು ತರಬೇತಿಯಲ್ಲಿ ಹೊಸಬರಿಗೆ ಹೇಳಿಕೊಡುವವನು ನಾನೇ.

ಕೂಗಿದೆ. ಗಾಳಿಗೆ ಕೇಳಿಸಲಿಲ್ಲ. ಹುಡುಗ ತಂತಿ ಹೊತ್ತ ಅಡ್ಡಪಟ್ಟಿಯ (ಕ್ರಾಸ್ ಆರ್ಮ್) ಹತ್ತಿರ ತಲುಪಿ, ಬೆಲ್ಟ್ ಬಿಗಿ ಮಾಡಿ, ಕೈಗವಸನ್ನು ಸರಿಪಡಿಸಿಕೊಳ್ಳುತ್ತಿದ್ದ. ಹಗ್ಗವನ್ನು ಎರಡು ಸಲ ಜಗ್ಗಿದೆ. ಸಾಮಾನು ಕಳಿಸಲೇ ಎಂದು ಕೇಳುತ್ತಿದ್ದೇನೆಂದು ತಿಳಿದು ಅವನು ಕೆಳಗೆ ನೋಡದೆಯೇ ಕೈ ಅಲ್ಲಾಡಿಸಿದ. ಮೂರನೆಯ ಸಲ ಹಗ್ಗವನ್ನು ಬಿಡದೆ ಜಗ್ಗುತ್ತಾ ಟಾರ್ಚನ್ನು ಅವನ ಮುಖಕ್ಕೇ ಹಿಡಿದೆ. ಕಣ್ಣು ಕುಕ್ಕಿದಾಗ ಅವನು ತಿರುಗಿದ. ಇಳಿ ಎಂದು ಕೈ ಮಾಡಿದೆ. ಅವನ ಬಲಗೈಗೂ ತಂತಿಗೂ ಮೊಳದಷ್ಟೂ ಅಂತರವಿರಲಿಲ್ಲ.

ಅವನು ಕೆಳಗಿಳಿದು, “ಏನಾಯ್ತಣ್ಣ?” ಎಂದು ಕೇಳಿದಾಗ ನನಗೆ ಉತ್ತರಿಸಲು ಬಾಯಿ ಬರಲಿಲ್ಲ. ಇಬ್ಬರೂ ಟಿ.ಸಿ. ಹತ್ತಿರ ಹೋದೆವು. ಎಲ್.ಟಿ. ಬಾಕ್ಸಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಎರಡನೆಯದನ್ನು ಕಿತ್ತಾಗ ಅಜ್ಜಿಯ ಮನೆಯ ದೀಪ ಆರಲಿಲ್ಲ, ಆದರೆ ಟಿ.ಸಿ.ಯ ಸಣ್ಣ ಗುಂಯ್‌ಗುಡುವಿಕೆ ನಿಂತಿತು. ಅಷ್ಟು ಹೊತ್ತು ಆ ಸದ್ದು ಇತ್ತೆಂಬುದು ಅದು ನಿಂತ ಮೇಲೆ ತಿಳಿಯಿತು. ಹುಡುಗ ಏನೂ ಹೇಳದೆ ಜೀಪಿನವರೆಗೆ ಇಳಿದು ಹೋಗಿ ರಾಡ್ ಹೊತ್ತು ತಂದ. ಜಂಪ್ ಕಟ್ಟಿ, ಎಲ್.ಸಿ. ಹಿಂದಿರುಗಿಸುವಾಗ ರಾತ್ರಿ ಒಂಬತ್ತೂವರೆ ದಾಟಿತ್ತು.

ಹೋಂಸ್ಟೇ ನಡೆಸುವ ಯುವಕ ಕೆಟ್ಟವನಲ್ಲ. ಮೇ ತಿಂಗಳಲ್ಲಿ ಜನರೇಟರ್ ತಂದಿದ್ದ, ಎರಡೂ ತುದಿಗೆ ಪಿನ್ ಇರುವ ವೈರನ್ನು ಯಾರೋ ಮಾಡಿಕೊಟ್ಟಿದ್ದರು, ಮೇನ್ ಆಫ್ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಹೀಗಾಗಿ ಜನರೇಟರಿನ ವಿದ್ಯುತ್ ಮನೆಯಿಂದ ಹೊರಗಿನ ತಂತಿಗೂ ಹರಿದಿತ್ತು. ಮಳೆಗಾಲವಾದ್ದರಿಂದ ಅತಿಥಿಗಳಿಲ್ಲ, ಕೇರಿಯಲ್ಲಿ ಲೋಡ್ ಕಡಿಮೆ. ಇಲ್ಲದಿದ್ದರೆ ಅಷ್ಟು ಸಣ್ಣ ಜನರೇಟರ್ ಆಗಲೇ ಕುಗ್ಗಿ ನಿಂತುಬಿಡುತ್ತಿತ್ತು. ವಿಷಯ ತಿಳಿದಾಗ ಅವನ ಕೈ ನಡುಗಿತು. ಅದೇ ತಿಂಗಳು ಚೇಂಜ್ ಓವರ್ ಸ್ವಿಚ್ (ಮನೆಗೆ ಲೈನ್ ಅಥವಾ ಜನರೇಟರ್, ಒಂದನ್ನೇ ಜೋಡಿಸುವಂಥದ್ದು) ಹಾಕಿಸಿದ.

ನನ್ನನ್ನು ಇಂದಿಗೂ ಚುಚ್ಚುವುದು ಬೇರೆ. ಆ ಜನರೇಟರನ್ನು ನಾಲ್ಕು ಜನ ಹೊತ್ತು ಮೆಟ್ಟಿಲು ಹತ್ತಿಸಿದ ಸಂಗತಿಯನ್ನು ಅಜ್ಜಿ ನನಗೆ ಮೇ ತಿಂಗಳಲ್ಲಿಯೇ ಹೇಳಿದ್ದರು. ಮೀಟರ್ ನೋಡಲು ಹೋದಾಗ ನೀರು-ಬೆಲ್ಲ ಕೊಟ್ಟು, ಎಷ್ಟು ಭಾರದ ಯಂತ್ರ, ಹುಡುಗರ ಸೊಂಟ ಮುರಿಯಿತು ಎಂದು ವಿವರಿಸಿದ್ದರು. ನಾನು ಅದನ್ನು ಊರ ಸುದ್ದಿಯೆಂದು ಕೇಳಿದ್ದೆನೇ ಹೊರತು ಕೆಲಸದ ಸುದ್ದಿಯೆಂದು ಕೇಳಿರಲಿಲ್ಲ. ಮರುದಿನದ ವರದಿಯಲ್ಲಿ ಬ್ಯಾಕ್ ಫೀಡ್ (ಮನೆಯ ಕಡೆಯಿಂದ ಲೈನಿಗೆ ಹಿಮ್ಮುಖವಾಗಿ ಬಂದ ವಿದ್ಯುತ್) ಎಂದು ಬರೆದೆ, ರಾಡ್ ಜೀಪಿನಲ್ಲಿತ್ತು ಎಂದು ಬರೆಯಲಿಲ್ಲ. ವಾರದ ನಂತರ ಶಾಖಾಧಿಕಾರಿಗಳ ಎದುರು ಬಾಯಿಬಿಟ್ಟು ಹೇಳಿದೆ. ಅವರು ಬೈದರು, ಬೈದದ್ದು ಸರಿ. ಆದರೆ ಮೆಟ್ಟಿಲಿನ ತುದಿಯಲ್ಲಿ ಶಾಶ್ವತವಾಗಿ ಇಡಲು ಇನ್ನೊಂದು ರಾಡ್ ಬೇಕೆಂಬ ನನ್ನ ಅರ್ಜಿಗೆ ಇಂದಿನವರೆಗೂ ಉತ್ತರ ಬಂದಿಲ್ಲ. ದೂರು ದಾಖಲಿಸುವ ಆ್ಯಪ್ ಮಾತ್ರ ಎರಡು ಸಲ ಹೊಸದಾಗಿದೆ, ಗುಡ್ಡದಾಚೆ ಅದಕ್ಕೆ ಸಿಗ್ನಲ್ ಸಿಗುವುದಿಲ್ಲ.

ಈಗ ಎಲ್.ಸಿ. ಪುಸ್ತಕದ ಕೊನೆಯ ಹಾಳೆಯಲ್ಲಿ ಕೇರಿವಾರು ಪಟ್ಟಿ ಇಟ್ಟಿದ್ದೇನೆ: ಜನರೇಟರ್ ಯಾರಲ್ಲಿದೆ, ಇನ್ವರ್ಟರ್ ಯಾರಲ್ಲಿದೆ, ಸ್ವಿಚ್ ಹಾಕಿಸಿದವರು ಯಾರು. ಪಟ್ಟಿ ಏನೇ ಹೇಳಲಿ, ರಾಡ್ ಹಾಕದೆ ಯಾರನ್ನೂ ಕಂಬ ಹತ್ತಿಸುವುದಿಲ್ಲ. ಮೊನ್ನೆ ಅಜ್ಜಿ ಬಸಳೆ ಸೊಪ್ಪು ಕೊಡುತ್ತಾ, ತಿರುವಿನ ಮೇಲಿನ ಮನೆಗೆ ದೊಡ್ಡ ಬ್ಯಾಟರಿ ಪೆಟ್ಟಿಗೆ ಬಂದಿದೆ ಎಂದರು. ಹುಡುಗ ಆಗಲೇ ಪೆನ್ನು ತೆಗೆದಿದ್ದ. ಇಬ್ಬರೂ ಮತ್ತೆ ಮೆಟ್ಟಿಲು ಹತ್ತಿ, ಆ ಮನೆಯ ಮೇನ್ ಬೋರ್ಡ್ ತೆರೆಸಿ ನೋಡಿ ಬಂದೆವು.